ನೋಡುವವರ ಊರಿನಲ್ಲಿ ಕೇಳುವವರು



ನಮ್ಮ ಮನೆ ಇರುವುದು ಬೋಗಾದಿಯಲ್ಲಿ. ಮೈಸೂರಿನ ಪಶ್ಚಿಮಕ್ಕೆ, ಮಾನಸಗಂಗೋತ್ರಿಯನ್ನು ದಾಟಿ ಗದ್ದಿಗೆಯ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಈಗ ಬಡಾವಣೆಗಳ ನಡುವೆ ಸೇರಿಹೋಗಿರುವ ಊರು ಇದು. ಪರಊರಿನವರಿಗೆ ಬೋಗಾದಿ ಎಂದರೆ ತಿಳಿಯುವುದಿಲ್ಲ. ಮೈಸೂರು ಎಂದೊಡನೆ ಮುಖ ಅರಳುತ್ತದೆ. 'ಪುಣ್ಯವಂತರು ಬಿಡಿ, ದಿನವೂ ಅರಮನೆ ನೋಡಬಹುದು' ಎನ್ನುತ್ತಾರೆ. ಮೈಸೂರಿನಲ್ಲಿ ವಾಸವಾಗಿರುವವರು ಅರಮನೆಯೊಳಗೆ ಹೋಗುವುದು ಮನೆಗೆ ನೆಂಟರು ಬಂದಾಗ ಮಾತ್ರ ಎಂಬ ಗುಟ್ಟನ್ನು ಅವರಿಗೆ ಯಾರು ಹೇಳಬೇಕು!

ಪ್ರವಾಸಿಗಳ ಊರಿಗೆ ಒಂದು ಸ್ವಭಾವವಿದೆ. ಅದು ಕಣ್ಣಿಗಾಗಿ ಬದುಕುತ್ತದೆ. ಬೆಳಿಗ್ಗೆ ಬೆಟ್ಟ, ಆಮೇಲೆ ಅರಮನೆ, ಮೃಗಾಲಯ, ಮಧ್ಯಾಹ್ನ ಶ್ರೀರಂಗಪಟ್ಟಣ, ಸಂಜೆಗೆ ಬೃಂದಾವನದ ಕಾರಂಜಿ. ಬಂದವರು ನೋಡುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ, ಮೈಸೂರು ಪಾಕು ಕಟ್ಟಿಸಿಕೊಂಡು ಹೊರಡುತ್ತಾರೆ. ತಪ್ಪೇನೂ ಇಲ್ಲ, ಎಷ್ಟೋ ಸಂಸಾರಗಳ ಒಲೆ ಉರಿಯುವುದು ಅದರಿಂದಲೇ. ಆದರೆ ಕೇಳುವುದಕ್ಕೆ ಎರಡು ದಿನ ಸಾಲದು. ಒಂದು ರಾಗದ ಪರಿಚಯವಾಗಬೇಕಾದರೆ ಒಂದೇ ಊರಿನಲ್ಲಿ ಎಷ್ಟೋ ಸಂಜೆಗಳನ್ನು ಕಳೆದಿರಬೇಕು. ಹಾಗಾಗಿ ಪ್ರವಾಸಿಗಳ ಊರಿನಲ್ಲಿ ದೊಡ್ಡ ಕಲೆ ಉಳಿಯುವುದೋ ಅಳಿಯುವುದೋ ಎಂಬುದು ಬಂದುಹೋಗುವವರ ಕೈಯಲ್ಲಿಲ್ಲ, ಅಲ್ಲೇ ಇರುವವರ ಕಿವಿಯಲ್ಲಿದೆ. ಇಂದು ನಿಮ್ಮೊಡನೆ ಆಡಬೇಕೆಂದಿರುವ ಮಾತು ಇದೇ.

ಹೊರದೇಶಗಳಲ್ಲಿ ಇಂಥ ಊರುಗಳು ಬೇಕಾದಷ್ಟಿವೆ. ಫಿನ್ಲೆಂಡಿನ ಸವೊನ್ಲಿನ್ನ ಸರೋವರಗಳ ನಡುವಿನ ಒಂದು ವಿಹಾರಸ್ಥಳ. ಅಲ್ಲಿ ನಡುಗಡ್ಡೆಯೊಂದರ ಮೇಲೆ 1475ರಲ್ಲಿ ಕಟ್ಟಲು ತೊಡಗಿದ ಕಲ್ಲಿನ ಕೋಟೆಯಿದೆ. 1912ರಲ್ಲಿ ಐನೊ ಅಕ್ತೆ ಎಂಬ ಗಾಯಕಿ ಅದರೊಳಗೆ ಆಪೆರಾ ಉತ್ಸವವನ್ನು ಆರಂಭಿಸಿದಳು. ನಡುವೆ ನಿಂತುಹೋಗಿದ್ದರೂ ಮತ್ತೆ ಚಿಗುರಿ ಇಂದಿಗೂ ಬೇಸಿಗೆಯಲ್ಲಿ ನಡೆಯುತ್ತಿದೆ. ಸ್ಪೇನಿನ ಮಯೋರ್ಕ ದ್ವೀಪಕ್ಕೆ 1838ರ ಚಳಿಗಾಲದಲ್ಲಿ ಷೊಪಾನ್ ಹೋಗಿದ್ದ. ಮಳೆ, ಕೆಮ್ಮು, ಮೇಲೆ ಪ್ಯಾರಿಸ್ಸಿನಿಂದ ಬಂದ ಪಿಯಾನೊ ಸುಂಕದ ಕಟ್ಟೆಯಲ್ಲಿ ಸಿಕ್ಕಿಕೊಂಡ ತಾಪತ್ರಯ. ಅಂಥದರಲ್ಲೇ ತನ್ನ 24 ಪ್ರಿಲ್ಯೂಡುಗಳನ್ನು ಮುಗಿಸಿದ. ಈಗ ಪ್ರವಾಸಿಗಳು ಸಾಲುಗಟ್ಟಿ ಅವನಿದ್ದ ಮಠದ ಕೋಣೆಯನ್ನು ನೋಡಿ ಬರುತ್ತಾರೆ.

ಆದರೆ ದೊಡ್ಡ ನಾಟಕಶಾಲೆಗಳಿಂದ ಸಾವಿರಾರು ಮೈಲಿ ದೂರದ ಊರಿನಲ್ಲಿದ್ದು ಪಾಶ್ಚಾತ್ಯ ಸಂಗೀತವನ್ನು ಸವಿಯಬಹುದೇ ಎಂಬ ಪ್ರಶ್ನೆಗೆ ಮೈಸೂರು ಕೊಟ್ಟ ಉತ್ತರ ಇವೆಲ್ಲಕ್ಕಿಂತ ವಿಚಿತ್ರವಾದದ್ದು.

ಜಯಚಾಮರಾಜ ಒಡೆಯರು ಹುಟ್ಟಿದ್ದು 1919ರಲ್ಲಿ, ಪಟ್ಟಕ್ಕೆ ಬಂದದ್ದು 1940ರಲ್ಲಿ. ಅವರು ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತವರು, 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರು ಎಂಬುದು ಸಂಗೀತಪ್ರಿಯರಿಗೆ ಗೊತ್ತು. ಅವರ ಇನ್ನೊಂದು ಕಿವಿ ಪಿಯಾನೊ ಕಡೆಗಿತ್ತು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಅವರಿಗಿತ್ತು. 1945ರಲ್ಲಿ ಟ್ರಿನಿಟಿ ಕಾಲೇಜು ಗೌರವ ಫೆಲೋ ಎಂದು ಮನ್ನಿಸಿತು. ಅವರ ಗ್ರಾಮಫೋನ್ ತಟ್ಟೆಗಳ ಸಂಗ್ರಹ ಸುಮಾರು 20,000 ಎಂದು ಲೆಕ್ಕ ಹಾಕಿದ್ದರು. ಅಂದಿನ ತಟ್ಟೆಯ ಒಂದು ಮಗ್ಗುಲು ನಾಲ್ಕೈದು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಒಂದು ಪೂರ್ತಿ ಆಪೆರಾ ಕೇಳಬೇಕಾದರೆ ಹತ್ತು ಹದಿನೈದು ತಟ್ಟೆಗಳನ್ನು ಮೇಲೆ ಕೆಳಗೆ ತಿರುಗಿಸುತ್ತಲೇ ಇರಬೇಕು. ಅರಸರಿಗೆ ತಿರುಗಿಸಿ ಕೊಡುವವರು ಇದ್ದಿರಬೇಕೆನ್ನಿ. ಆದರೂ ನಾಯಕಿ ಪ್ರಾಣ ಬಿಡುವ ಹೊತ್ತಿಗೆ ಸರಿಯಾಗಿ ಮುಳ್ಳನ್ನು ಎತ್ತಿ ಇಡುತ್ತ ಕೇಳುವುದಕ್ಕೆ ಎಂಥ ತಾಳ್ಮೆ ಬೇಕು, ಯೋಚಿಸಿ.

ಆ ಕಾಲಕ್ಕೆ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರ ನೆಲೆಸಿದ್ದ. ಹುಟ್ಟಿದ್ದು 1880ರಲ್ಲಿ. ಹೊಸ ಸಂಗೀತದ ಅಬ್ಬರ ಅವನಿಗೆ ಒಗ್ಗಲಿಲ್ಲ, ಅವನ ಹಳೆಯ ಮರ್ಯಾದೆಯ ಸಂಗೀತ ಲೋಕಕ್ಕೆ ಬೇಡವಾಗಿತ್ತು. ಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಸಂಭಾವನೆಯೂ ನಿಂತಿತು. 1942ರಲ್ಲಿ ಹೃದಯದ ಕಾಯಿಲೆ. ಹತ್ತಿರದ ಗೆಳೆಯ ರಖ್ಮಾನಿನೊಫ್ 1943ರಲ್ಲಿ ತೀರಿಕೊಂಡ. ಹೀಗೆ ಒಂಟಿಯಾಗಿ ಬಡತನದಲ್ಲಿದ್ದ ಮುದುಕನಿಗೆ ಮೈಸೂರಿನಿಂದ ಸಹಾಯ ಬಂತು. ಒಡೆಯರು 'ಮೆಟ್ನರ್ ಸೊಸೈಟಿ'ಯನ್ನು ಸ್ಥಾಪಿಸಿ, ಹಣ ಕೊಟ್ಟು, ಅವನ ಕೃತಿಗಳನ್ನು ಹೆಚ್.ಎಂ.ವಿ. ಕಂಪನಿಯಿಂದ ಧ್ವನಿಮುದ್ರಣ ಮಾಡಿಸಿದರು. ಪಿಯಾನೊ ಮುಂದೆ ಕುಳಿತವನು ಮೆಟ್ನರನೇ. ಮೂರು ಕಾನ್ಸರ್ಟೊಗಳನ್ನೂ, ಹಲವು ಹಾಡುಗಳನ್ನೂ ನುಡಿಸಿ ದಾಖಲಿಸಿದ. ತನ್ನ ಮೂರನೆಯ ಕಾನ್ಸರ್ಟೊವನ್ನು ಕೃತಜ್ಞತೆಯಿಂದ ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರ ನವೆಂಬರಿನಲ್ಲಿ ಅವನು ಕಣ್ಮುಚ್ಚಿದ. ಆ ಮುದ್ರಣಗಳು ಇಂದಿಗೂ ದೊರೆಯುತ್ತವೆ. ಆ ಹೊತ್ತಿನಲ್ಲಿ ಅವನ ಸಂಗೀತ ಬೇಕೆಂದು ಪಟ್ಟುಹಿಡಿದ ಕೇಳುಗ ಲಂಡನ್ನಿನಲ್ಲಿರಲಿಲ್ಲ, ಮೈಸೂರಿನಲ್ಲಿದ್ದ. ಒಬ್ಬ ಕೇಳುಗನಿಂದ ಏನಾದೀತು ಎನ್ನುವವರಿಗೆ ನಾನು ಮೊದಲು ಹೇಳುವ ಕಥೆ ಇದು.

ಇನ್ನೊಂದು ಕಥೆ ಇನ್ನೂ ದೊಡ್ಡದು. ರಿಚರ್ಡ್ ಸ್ಟ್ರೌಸ್ ಇಪ್ಪತ್ತನೆಯ ಶತಮಾನದ ಆಪೆರಾಕಾರರಲ್ಲಿ ಬಹು ದೊಡ್ಡ ಹೆಸರು. 'ಸಲೋಮೆ', 'ರೋಸೆನ್‌ಕವಾಲಿಯರ್' ಅವನವೇ. 1948ರಲ್ಲಿ, 84ರ ವಯಸ್ಸಿನಲ್ಲಿ, ಹೆಣ್ಣುದನಿಗೂ ವಾದ್ಯವೃಂದಕ್ಕೂ ನಾಲ್ಕು ಹಾಡುಗಳನ್ನು ಬರೆದ. ಬರೆದದ್ದು ಎಲ್ಲಿ ಗೊತ್ತೇ? ಸ್ವಿಟ್ಜರ್ಲೆಂಡಿನ ಮಾಂತ್ರೋ ಮತ್ತು ಪಾಂಟ್ರೆಸೀನಗಳಲ್ಲಿ. ಎರಡೂ ಪ್ರವಾಸಿಗಳ ಊರುಗಳೇ! 1949ರ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡ; ಆ ಹಾಡುಗಳನ್ನು ಸಭೆಯಲ್ಲಿ ಕೇಳುವ ಯೋಗ ಅವನಿಗಿರಲಿಲ್ಲ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವುಗಳನ್ನು ಮೊದಲ ಬಾರಿಗೆ ಹಾಡಿದಳು. ಫಿಲ್ಹಾರ್ಮೋನಿಯ ವಾದ್ಯವೃಂದ, ನಿರ್ದೇಶನ ಫುರ್ಟ್‌ವೆಂಗ್ಲರನದು. ಆ ಕಛೇರಿಗೆ 4,800 ಡಾಲರುಗಳ ಭರವಸೆ ನಿಂತವರು ಜಯಚಾಮರಾಜ ಒಡೆಯರು. ಸ್ವತಃ ಹೋಗಲು ಅವರಿಗಾಗಲಿಲ್ಲ. ಹಾಡುಗಳ ಮುದ್ರಣ ಹಡಗೇರಿ ಮೈಸೂರಿಗೆ ಬಂತು. ಇಂದು ಜಗತ್ತಿನ ಹೆಸರಾಂತ ಗಾಯಕಿಯರೆಲ್ಲ ಹಾಡುವ ಆ ನಾಲ್ಕು ಹಾಡುಗಳ ಮೊದಲ ಸಭೆಯ ಹಿಂದೆ ನಮ್ಮೂರಿನ ಒಬ್ಬರ ಕೇಳುವ ಆಸೆಯಿತ್ತು. ಅರಮನೆಯ ಬಾಗಿಲು, ಕಂಬ, ಸಿಂಹಾಸನಗಳನ್ನೆಲ್ಲ ವಿವರಿಸುವ ಮಾರ್ಗದರ್ಶಕರು ಈ ಒಂದು ಸಂಗತಿಯನ್ನೂ ಸೇರಿಸಿಕೊಂಡರೆ ಚೆನ್ನ.

ಅರಸರಿಗೆ ಹಣವಿತ್ತು, ನಮಗೇನಿದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಫಿಲ್ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗುವುದು, ವರ್ಷವರ್ಷವೂ ಪೌಂಡುಗಳ ಲೆಕ್ಕದಲ್ಲಿ ನೆರವಾಗುವುದು ಬೋಗಾದಿಯ ನಿವೃತ್ತ ಗುಮಾಸ್ತರಿಗೆ ಆಗುವ ಕೆಲಸವಲ್ಲ. ಆದರೆ ಮೈಸೂರಿನ ಕೇಳ್ಮೆಯೆಲ್ಲ ಅರಮನೆಯ ಗೋಡೆಯೊಳಗೇ ಇತ್ತೆಂದು ತಿಳಿಯಬಾರದು. 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಯಂತ್ರದ ಶಕ್ತಿ 30 ವ್ಯಾಟ್. ನಮ್ಮ ಬಚ್ಚಲುಮನೆಯ ಹಳೆಯ ಬಲ್ಬಿಗಿಂತ ಹೆಚ್ಚಲ್ಲ! ಅದಕ್ಕೆ 'ಆಕಾಶವಾಣಿ' ಎಂದು ಹೆಸರಾಯಿತು. 1957ರಲ್ಲಿ ಆ ಹೆಸರು ಭಾರತದ ರೇಡಿಯೊಗೆಲ್ಲ ಬಂತು.

ಅದೇ ಒಂಟಿಕೊಪ್ಪಲಿನ 8ನೇ ಕ್ರಾಸಿನಲ್ಲಿ 1962ರಿಂದ ಗಣೇಶನ ಹಬ್ಬಕ್ಕೆ ಸಂಗೀತೋತ್ಸವ ನಡೆದುಬಂದಿದೆ. ಬೀದಿಗೆ ಅಡ್ಡಲಾಗಿ ಪೆಂಡಾಲು, ಮುಂದೆ ಜಮಖಾನೆ, ಹಿಂದೆ ಕುರ್ಚಿ, ಟಿಕೆಟ್ಟಿನ ಮಾತಿಲ್ಲ. ಕರ್ನಾಟಕ ಸಂಗೀತದ ಅತಿರಥ ಮಹಾರಥರು ಆ ಬೀದಿಯಲ್ಲಿ ಕುಳಿತು ಹಾಡಿದ್ದಾರೆ, ನುಡಿಸಿದ್ದಾರೆ. ಲಂಡನ್ನಿನಲ್ಲಾಗಲಿ ವಿಯೆನ್ನಾದಲ್ಲಾಗಲಿ ಅಷ್ಟು ದೊಡ್ಡ ಕಲಾವಿದರನ್ನು ಕಾಸಿಲ್ಲದೆ, ಚಪ್ಪಲಿ ಬಿಟ್ಟು ನೆಲದ ಮೇಲೆ ಕುಳಿತು, ಹತ್ತು ಮಾರು ದೂರದಿಂದ ಕೇಳುವುದು ಸುಲಭವಲ್ಲ. ನಾಟಕ ಬೇಕೆಂದರೆ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಹುಟ್ಟಿದ ರಂಗಾಯಣವಿದೆ. ಕಲಾಮಂದಿರದ ಆವರಣದ ಭೂಮಿಗೀತ, ವನರಂಗಗಳಿಗೆ ಬೋಗಾದಿಯಿಂದ ಹೋಗುವುದು ಎಷ್ಟು ಹೊತ್ತಿನ ಮಾತು! ಕುಕ್ಕರಹಳ್ಳಿ ಕೆರೆಯ ಗಾಳಿಯನ್ನು ಕುಡಿಯುತ್ತ ಹೋಗಬಹುದು.

ಹೋಗುವುದು ಸುಲಭ, ಬರುವುದು ಕಷ್ಟ. ಊರಿನ ಅಂಚಿನಲ್ಲಿರುವವರಿಗೆಲ್ಲ ಇದು ಗೊತ್ತು. ಕಛೇರಿ ಶುರುವಾಗುವುದೇ ಏಳಕ್ಕೆ. ರಾಗ ತಾನ ಪಲ್ಲವಿಗೆ ಬರುವಷ್ಟರಲ್ಲಿ ಎಂಟೂವರೆ. ತನಿ ಆವರ್ತನಕ್ಕೆ ಮೃದಂಗದವರು ಕೈಯೆತ್ತಿದೊಡನೆ ಸಭೆಯ ಅರ್ಧ ಎದ್ದು ನಿಲ್ಲುತ್ತದೆ. ಕೆಲವರು ಕಾಫಿಗೆ, ಉಳಿದವರು ಬಸ್ಸಿಗೆ. ಗಂಟೆಗಟ್ಟಲೆ ಹಾಡಿನ ಬೆನ್ನಿಗೆ ನಿಂತ ವಾದಕನಿಗೆ ತನ್ನದೆಂದು ಸಿಗುವ ಹತ್ತು ಹದಿನೈದು ನಿಮಿಷ ಅದು. ಆಗ ಅವನು ಕಾಣುವುದು ಜನರ ಬೆನ್ನು. ಇದು ಬಸ್ಸಿನ ತಪ್ಪೋ ನಮ್ಮ ತಪ್ಪೋ ಎಂಬ ವಾದ ಬೇಡ. ಒಂದು ಬೀದಿಯ ನಾಲ್ಕು ಮನೆಯವರು ಸೇರಿ ಒಂದು ಆಟೋ ಗೊತ್ತುಮಾಡಿಕೊಂಡರೆ ಮಂಗಳದವರೆಗೂ ಕೂರಬಹುದು.

ದಸರೆಯ ಮಾತು ಬೇರೆ. ಅರಮನೆಯ ಮುಂದಿನ ವೇದಿಕೆಯಲ್ಲಿ ಘನ ವಿದ್ವಾಂಸರು ಹಾಡುತ್ತಿರುತ್ತಾರೆ. ಹಿಂದೆ ಸುಮಾರು ಲಕ್ಷ ಬಲ್ಬುಗಳ ಅರಮನೆ. ಪ್ರವಾಸಿಗಳು ಬೆನ್ನನ್ನು ವೇದಿಕೆಗೂ ಮುಖವನ್ನು ತಮ್ಮ ಮೊಬೈಲಿಗೂ ಮಾಡಿ ದೀಪಗಳೊಡನೆ ಚಿತ್ರ ತೆಗೆದುಕೊಳ್ಳುತ್ತಾರೆ. ಅವರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಅಷ್ಟು ದೂರದಿಂದ ಬಂದದ್ದು ದೀಪಕ್ಕಾಗಿಯೇ. ನನಗೆ ಆತಂಕವಾಗುವುದು, ಆ ಗದ್ದಲ ಬೇಡವೆಂದು ಊರಿನವರು ಮನೆಯಲ್ಲೇ ಉಳಿದುಬಿಡುವುದನ್ನು ಕಂಡಾಗ. ಕೇಳುವವರು ಬಾರದಿದ್ದರೆ ವ್ಯವಸ್ಥೆ ಮಾಡುವವರು ನೋಡುವವರಿಗೆ ತಕ್ಕಂತೆ ಕಾರ್ಯಕ್ರಮ ಹೊಂದಿಸುತ್ತಾರೆ. ಆಲಾಪನೆ ಕುಗ್ಗುತ್ತದೆ, ಬೆಳಕು ಹೆಚ್ಚುತ್ತದೆ. ಆಗ ಯಾರನ್ನು ದೂರುವುದು? ಅರಮನೆಯ ಬ್ಯಾಂಡುಗಳ ಪರಂಪರೆಯನ್ನು ಉಳಿಸಿಕೊಂಡಿರುವ ಪೊಲೀಸ್ ವಾದ್ಯವೃಂದ ನುಡಿಸುವಾಗ ಗಮನಿಸಿ. ಅಲ್ಲಿ ಕರ್ನಾಟಕ ಕೃತಿಯನ್ನೂ ನುಡಿಸುತ್ತಾರೆ, ಪಾಶ್ಚಾತ್ಯ ಮಟ್ಟನ್ನೂ ನುಡಿಸುತ್ತಾರೆ. ಇಂಥದೊಂದು ವೃಂದ ಬೇರೆ ಎಷ್ಟು ಊರುಗಳಲ್ಲಿದೆ?

ಇನ್ನು ಆಪೆರಾ. ಬೋಗಾದಿಯಲ್ಲಿ ಆಪೆರಾ ನಾಟಕಶಾಲೆ ಇಲ್ಲ, ಬರುವ ಸೂಚನೆಯೂ ಇಲ್ಲ. ಆದರೆ ಒಡೆಯರ ಕಾಲದಲ್ಲಿ ಹಡಗಿನಲ್ಲಿ ಬರಬೇಕಾಗಿದ್ದುದು ಈಗ ಕೈಯಲ್ಲಿರುವ ಫೋನಿಗೇ ಬರುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾದಿಂದ ಬಾಗಿಲು ಮುಚ್ಚಿದ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದವರು ದಿನಕ್ಕೊಂದು ಪೂರ್ಣ ಪ್ರಯೋಗವನ್ನು ಲೋಕಕ್ಕೆಲ್ಲ ಪುಕ್ಕಟೆಯಾಗಿ ತೋರಿಸಿದರು. ಆ ದಿನಗಳಲ್ಲಿ ರುಚಿ ಹತ್ತಿದವರು ನಮ್ಮ ಕಡೆಯೂ ಇರಬಹುದು. ಇಲ್ಲದವರಿಗೆ ನಾಲ್ಕು ಮಾತು.

ಆಪೆರಾ ಎಂದರೆ ಹಾಡಿನಲ್ಲೇ ನಡೆಯುವ ನಾಟಕ. 1600ರ ಸುಮಾರಿಗೆ ಇಟಲಿಯಲ್ಲಿ ಹುಟ್ಟಿತು. ನಮಗೇನೂ ಅಪರಿಚಿತ ಜಾತಿಯದಲ್ಲ. ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ವೇಷಧಾರಿ ಕುಣಿದು ಅರ್ಥ ಹೇಳುತ್ತಾನೆ. ಆಪೆರಾದಲ್ಲಿ ವೇಷಧಾರಿಯೇ ಹಾಡಬೇಕು, ಅಷ್ಟೇ. ಶಿವರಾಮ ಕಾರಂತರು ಗೀತನಾಟಕಗಳನ್ನು ಬರೆದು ಆಡಿಸಿದರು. ಮೇಲುಕೋಟೆಯ ಪು.ತಿ.ನ. ತಮ್ಮ ಗೀತನಾಟಕಗಳಿಗೆ ರಾಗಗಳನ್ನೂ ತಾವೇ ಯೋಚಿಸಿದವರು. ಅವರ 'ಗೋಕುಲ ನಿರ್ಗಮನ'ವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದರು. ಅದನ್ನು ಸವಿದವರು ಆಪೆರಾದ ಹೊಸ್ತಿಲಲ್ಲೇ ಇದ್ದಾರೆ.

ಭಾಷೆ ತಿಳಿಯದಲ್ಲ ಎನ್ನುತ್ತಾರೆ. ತ್ಯಾಗರಾಜರ ತೆಲುಗನ್ನು ನಾವೆಲ್ಲ ನಿಘಂಟು ಹಿಡಿದು ಕೇಳಿದೆವೇ? ಕಥೆಯನ್ನು ಮೊದಲೇ ಓದಿಕೊಂಡರೆ ಸಾಕು. ಹರಿಶ್ಚಂದ್ರನ ಕಥೆ ತಿಳಿದೇ ನಾಟಕಕ್ಕೆ ಹೋಗುವವರಲ್ಲವೇ ನಾವು? ಇನ್ನು ಆ ದನಿ. ಮೊದಲ ಸಲ ಕೇಳಿದಾಗ ಹೆಣ್ಣುದನಿ ನಮ್ಮ ಕಿವಿಗೆ ಕೂಗಿದಂತೆ ಕೇಳಿಸುತ್ತದೆ. ಅದಕ್ಕೆ ಕಾರಣವಿದೆ. ಅಲ್ಲಿ ಮೈಕು ಇಲ್ಲ. ಎಪ್ಪತ್ತೆಂಬತ್ತು ವಾದ್ಯಗಳನ್ನು ದಾಟಿ ಮೇಲಂತಸ್ತಿನ ಕೊನೆಯ ಕುರ್ಚಿಯವರೆಗೆ ಬರಿಯ ಗಂಟಲು ಮುಟ್ಟಬೇಕು. ನಮ್ಮ ಕಂಪನಿ ನಾಟಕಗಳ ಹಳೆಯ ನಟರೂ ಹಾಗೆಯೇ ಹಾಡಿದವರು. ಮನುಷ್ಯನ ಕಂಠಕ್ಕೆ ಇದು ಹೇಗೆ ಸಾಧ್ಯವೆಂಬುದನ್ನು ನಮ್ಮ ನೆರೆಯಲ್ಲೇ ಇರುವ ವಾಕ್ ಶ್ರವಣ ಸಂಸ್ಥೆಯವರು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ಮೂರನೆಯ ತೊಡಕು, ಒಂದೇ ಹೊತ್ತಿಗೆ ಹಲವು ಸ್ವರಗಳು ಹರಿಯುವುದು. ಶ್ರುತಿಯ ಮೇಲೆ ಒಂದೇ ಎಳೆಯನ್ನು ಹಿಡಿದು ಹೋಗುವುದು ನಮ್ಮ ಅಭ್ಯಾಸ. ಇಲ್ಲಿ ಒಮ್ಮೆ ಹಾಡಿನ ಎಳೆಯನ್ನು ಹಿಡಿಯಿರಿ; ಮುಂದಿನ ಸಲ ಅದನ್ನು ಬಿಟ್ಟು, ಎಲ್ಲಕ್ಕಿಂತ ಕೆಳಗಿನ ಸ್ವರಗಳಲ್ಲಿ ನಡೆಯುವ ದೊಡ್ಡ ಪಿಟೀಲುಗಳನ್ನು ಹಿಂಬಾಲಿಸಿ. ಎರಡು ಮೂರು ಸಲಕ್ಕೆ ಕಿವಿ ತಾನೇ ದಾರಿ ಮಾಡಿಕೊಳ್ಳುತ್ತದೆ.

ಪುಚಿನಿಯ 'ಲಾ ಬೊಎಮ್' ಒಳ್ಳೆಯ ಆರಂಭ. 1896ರಲ್ಲಿ ಟ್ಯೂರಿನ್ನಿನಲ್ಲಿ ಮೊದಲು ಆಡಿದ್ದು. ಸಂಗೀತ ಎರಡು ಗಂಟೆಯೊಳಗೆ ಮುಗಿಯುತ್ತದೆ. ಆಪೆರಾದ ಲೆಕ್ಕದಲ್ಲಿ ಇದು ಚಿಕ್ಕದೇ. ಪ್ಯಾರಿಸ್ಸಿನ ಒಂದು ಅಟ್ಟದ ಕೋಣೆ. ಚಳಿಗೆ ಸೌದೆಯಿಲ್ಲದೆ ಕವಿ ತನ್ನ ಹಸ್ತಪ್ರತಿಯನ್ನೇ ಒಲೆಗೆ ಹಾಕುತ್ತಾನೆ. ಆರಿದ ಮೇಣದಬತ್ತಿ ಹಚ್ಚಿಕೊಳ್ಳಲು ಪಕ್ಕದ ಕೋಣೆಯ ಮಿಮಿ ಬರುತ್ತಾಳೆ. ಕತ್ತಲಲ್ಲಿ ಬೀಗದ ಕೈ ಹುಡುಕುವಾಗ ಇಬ್ಬರ ಕೈ ತಗಲುತ್ತದೆ. ಅವಳಿಗೆ ಕ್ಷಯ. ಕೊನೆಯ ಅಂಕದಲ್ಲಿ ಔಷಧಿಗಾಗಿ ಒಬ್ಬ ಗೆಳತಿ ಓಲೆ ಮಾರಲು ಹೊರಡುತ್ತಾಳೆ. ತತ್ವಶಾಸ್ತ್ರ ಓದುವ ಗೆಳೆಯ ತನ್ನ ಹಳೆಯ ಕೋಟನ್ನು ಅಡವಿಡುವ ಮುನ್ನ ಅದಕ್ಕೆ ವಿದಾಯ ಹೇಳುತ್ತ ಒಂದು ಚಿಕ್ಕ ಹಾಡು ಹಾಡುತ್ತಾನೆ. ಸಾಯುವವಳ ಪಕ್ಕದಲ್ಲಿ ಕೋಟಿಗೆ ಹಾಡು! ನಗಬೇಕಾದಲ್ಲಿ ಗಂಟಲು ಕಟ್ಟುತ್ತದೆ. ಅವಳು ಹೋದದ್ದು ಎಲ್ಲರಿಗೂ ತಿಳಿದ ಮೇಲೆ ಕವಿಗೆ ತಿಳಿಯುತ್ತದೆ, ಸುತ್ತಲಿನವರ ಮುಖ ನೋಡಿ. ಬಡವರ ಮನೆಯ ಕಥೆಯಿದು. ಆಪೆರಾ ಎಂದರೆ ಸಿರಿವಂತರ ಸರಕು ಎಂದು ದೂರವಿಟ್ಟವರು ಇದನ್ನು ಒಮ್ಮೆ ಕೇಳಬೇಕು.

ಎರಡು ಗಂಟೆ ಕೂರಲಾಗದವರು ಸ್ಟ್ರೌಸನ ಆ ನಾಲ್ಕು ಹಾಡುಗಳನ್ನೇ ಹಾಕಿಕೊಳ್ಳಿ. ಒಟ್ಟು ಇಪ್ಪತ್ತು ಇಪ್ಪತ್ತೈದು ನಿಮಿಷ. ಅಡುಗೆಮನೆಯಲ್ಲಿ ಕುಕ್ಕರು ಕೂಗುವ ಹೊತ್ತು ಬೇಡ. ರಾತ್ರಿ ಊಟವಾಗಿ, ಟಿ.ವಿ. ಆರಿಸಿ, ವರ್ತುಲ ರಸ್ತೆಯ ಲಾರಿಗಳ ಸದ್ದು ತುಸು ಇಳಿದ ಮೇಲೆ. ಸಾಮಾನ್ಯವಾಗಿ ಕೊನೆಗೆ ಹಾಡುವ ಹಾಡು ಮುದುಕ ದಂಪತಿಗಳದು. ಕೈ ಹಿಡಿದು ಬಹುದೂರ ನಡೆದು ಬಂದವರು ಸಂಜೆಯ ಬೆಳಕಿನಲ್ಲಿ ನಿಂತಿದ್ದಾರೆ. ಗಾಯಕಿ ಮುಗಿಸಿದ ಮೇಲೂ ಆರಿಸಬೇಡಿ. ವಾದ್ಯಗಳು ಇನ್ನೂ ಸ್ವಲ್ಪ ಹೊತ್ತು ನಡೆಯುತ್ತವೆ. ತೀರ ಕೊನೆಯಲ್ಲಿ ಮೇಲೆಲ್ಲೋ ಎರಡು ಹಕ್ಕಿಗಳ ದನಿ ಬರುತ್ತದೆ, ಅವು ಕೊಳಲುಗಳು.